ಗ್ಯಾಸಿನ ಗುಳಿಗೆ ಕೇಳುವ ಮುಂಚೆ: ಎದೆ ಉರಿ, ಹುಳಿ ತೇಗು, ಅಲ್ಸರ್‌ಗೆ ಔಷಧಿ ತಗೊಳ್ಳುವ ಕ್ರಮ

ಬಾಗಲಕೋಟೆ, ವಿಜಯಪುರ ಕಡೆ ಸಂಜೆ ಹೊತ್ತು ಯಾವುದೇ ಮೆಡಿಕಲ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. "ಅಣ್ಣಾರ, ಒಂದ್ ಗ್ಯಾಸಿನ ಗುಳಿಗಿ ಕೊಡ್ರಿ" ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಕೇಳುವವರು ಬೇರೆ ಬೇರೆ. ಬನಹಟ್ಟಿಯ ಮಗ್ಗದಲ್ಲಿ ರಾತ್ರಿ ಪಾಳಿ ಮಾಡುವವನಿಗೆ ಎದೆ ಉರಿ. ಮೊಣಕಾಲು ನೋವಿಗೆ ದಿನಾ ಗುಳಿಗೆ ನುಂಗುವ ಅಜ್ಜಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಮಿರ್ಚಿ ಭಜಿ ಜಾಸ್ತಿ ತಿಂದ ಹುಡುಗನಿಗೆ ಹುಳಿ ತೇಗು. ಮೂವರೂ ಒಯ್ಯುವುದು ಮಾತ್ರ ಒಂದೇ ಗುಳಿಗೆ.

ಇದನ್ನು ಕೌಂಟರ್ ಹಿಂದೆ ನಿಂತು ದಿನಾ ನೋಡುವವನು ನಾನು. ಫಾರ್ಮಸಿ ಓದಿದ್ದೇನೆ, ಡಾಕ್ಟರ್ ಅಲ್ಲ. ರೋಗ ಯಾವುದು ಅಂತ ಹೇಳೋದು ಅವರ ಕೆಲಸ. ಆದರೆ ಸರಿಯಾದ ಗುಳಿಗೆಯನ್ನೇ ತಪ್ಪು ಹೊತ್ತಿಗೆ ತಗೊಂಡು "ಏನೂ ಗುಣಾ ಆಗ್ಲಿಲ್ರಿ" ಅಂತ ವಾಪಸ್ ಬರುವವರು ಬಹಳ. ನಾಲ್ಕು ವಾರಕ್ಕೆ ಬರೆದುಕೊಟ್ಟದ್ದನ್ನು ನಾಲ್ಕು ವರ್ಷ ನುಂಗುವವರೂ ಇದ್ದಾರೆ. ಅಂಥವರಿಗಾಗಿ ಈ ಲೇಖನ.

ಮೊದಲು: ಇದು ಹೃದಯದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಅನ್ನನಾಳ ಎದೆಯೊಳಗೆ ಹೃದಯದ ಹಿಂದೆಯೇ ಹಾದು ಹೋಗುತ್ತದೆ. ಹಾಗಾಗಿ ಎರಡರ ನೋವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಎದೆ ನಡುವೆ ಹಿಂಡಿದ ಹಾಗೆ, ಭಾರ ಹೇರಿದ ಹಾಗೆ ಆದರೆ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರು ಬಂದರೆ, ಉಸಿರು ಕಟ್ಟಿದರೆ ಅದನ್ನು ಗ್ಯಾಸ್ ಅಂದುಕೊಂಡು ಕೂರಬೇಡಿ. ಬಾದಾಮಿ ಗುಹೆಗಳ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು, ನಿಂತು ಸುಧಾರಿಸಿಕೊಂಡರೆ ಬಿಡುತ್ತದೆ ಅಂತಾದರೆ ಅದೂ ಹೃದಯದ ಕಡೆಯದ್ದೇ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ನೋವು ಸರಿಯಾಗಿ ಗೊತ್ತೇ ಆಗದೆ, ಬರೀ ಹೊಟ್ಟೆ ಸಂಕಟ, ವಾಕರಿಕೆ, ಸುಸ್ತು ಅಷ್ಟೇ ಇರುವುದೂ ಉಂಟು.

ಇಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಒಂದಿದೆ. ಇನೋ ಕುಡಿಯುವುದು. ತೇಗು ಬಂದು ಹಗುರಾದರೆ "ನೋಡಿ, ಗ್ಯಾಸೇ ಆಗಿತ್ತು" ಅನ್ನುವುದು. ಈ ಪರೀಕ್ಷೆ ನಂಬಲಾಗದು. ಹೃದಯದ ನೋವು ನಡುವೆ ತಾನಾಗಿಯೇ ಸ್ವಲ್ಪ ಇಳಿಯಬಹುದು. ಸೋಡಾ ಕುಡಿದರೆ ತೇಗು ಯಾರಿಗಾದರೂ ಬರುತ್ತದೆ. ಅನುಮಾನ ಬಂದರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಬೈಕ್ ನೀವೇ ಓಡಿಸಿಕೊಂಡು ಹೋಗಬೇಡಿ. ಹೃದಯಾಘಾತಕ್ಕೆ ತಾಲ್ಲೂಕು ಮಟ್ಟದಲ್ಲೇ ಮೊದಲ ಚಿಕಿತ್ಸೆ ಸಿಗಲಿ ಅಂತಲೇ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಹೃದಯದ್ದಲ್ಲ ಅಂತ ಡಾಕ್ಟರ್ ಹೇಳಿದರೆ ಸ್ವಲ್ಪ ಹೊತ್ತು ಹೋಯಿತು ಅಷ್ಟೇ.

ಗುಳಿಗೆ ಕೇಳದೆ ನೇರ ಡಾಕ್ಟರ ಹತ್ತಿರ ಹೋಗಬೇಕಾದವರು

ಕೆಲವು ಲಕ್ಷಣ ಇದ್ದರೆ ನಾವು ಅಂಗಡಿಯಲ್ಲಿ ಗುಳಿಗೆ ಕೊಡಲೂಬಾರದು, ನೀವು ಕೇಳಲೂಬಾರದು. ನುಂಗಿದ ರೊಟ್ಟಿ ಎದೆಯಲ್ಲೇ ಸಿಕ್ಕಿಕೊಂಡಂತಾಗುವುದು, ಮೊದಲು ಗಟ್ಟಿ ಆಹಾರ, ಆಮೇಲೆ ಅಂಬಲಿ ಕೂಡ ಇಳಿಯದಿರುವುದು. ಪ್ರಯತ್ನ ಮಾಡದೆ ತೂಕ ಇಳಿಯುವುದು. ರಕ್ತ ವಾಂತಿ, ಇಲ್ಲವೇ ಕಡು ಕಂದು ಬಣ್ಣದ ವಾಂತಿ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಬರುವುದು. ದಿನಗಟ್ಟಲೆ ನಿಲ್ಲದ ವಾಂತಿ. ರಕ್ತ ಕಡಿಮೆ ಇದೆ ಅಂತ ವರದಿ ಬಂದು ಕಾರಣ ಗೊತ್ತಾಗದಿರುವುದು. 50 ದಾಟಿದ ಮೇಲೆ ಮೊದಲ ಸಲ ಶುರುವಾದ ಹೊಟ್ಟೆ ತೊಂದರೆ. ಮನೆಯಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಆಗಿದ್ದದ್ದು.

ರಕ್ತ ವಾಂತಿ, ಕಪ್ಪು ಮಲ ಇದ್ದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅದೇ ಗಳಿಗೆ ಹೊರಡಬೇಕು. ಕಬ್ಬಿಣಾಂಶದ ಗುಳಿಗೆ ತಗೊಳ್ಳುವವರ ಮಲವೂ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೂ ತಲೆಸುತ್ತು, ಸುಸ್ತು ಜೊತೆಗಿದ್ದರೆ ತೋರಿಸಿಬಿಡಿ.

ತಂಬಾಕು-ಸುಣ್ಣ, ಗುಟ್ಕಾ, ಬೀಡಿ ಚಟ ಇದ್ದವರು ನುಂಗಲು ಕಷ್ಟ ಅನ್ನುವ ಲಕ್ಷಣವನ್ನು ಇನ್ನೂ ಗಂಭೀರವಾಗಿ ನೋಡಬೇಕು. ಅನ್ನನಾಳದ ಕ್ಯಾನ್ಸರ್‌ಗೂ ತಂಬಾಕಿಗೂ ನಂಟಿದೆ. ನಿಪ್ಪಾಣಿ ಕಡೆ ಅದು ಹೊಲದ ಬೆಳೆ. ನಮ್ಮಲ್ಲಿ ಅದು ಕಿಸೆಯಲ್ಲಿ ಇದ್ದೇ ಇರುತ್ತದೆ. "ಊಟ ಇಳಿಯವಲ್ದು, ಗ್ಯಾಸ್ ಆಗೇತಿ" ಅಂತ ಯಾರಾದರೂ ಬಂದರೆ ನಾನು ಗುಳಿಗೆ ಕೊಡುವುದಿಲ್ಲ. ಸಿಟ್ಟಾದರೂ ಪರವಾಗಿಲ್ಲ.

ಎಲ್ಲಿ, ಯಾವಾಗ, ಏನು ಮಾಡಿದಾಗ?

ಈ ಮೂರು ಪ್ರಶ್ನೆಗೆ ಉತ್ತರ ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರ ಅರ್ಧ ಕೆಲಸ ಮುಗಿದಂತೆ.

ಎದೆ ಮೂಳೆಯ ಹಿಂದೆ ಉರಿ, ಊಟದ ಮೇಲೆ ಜಾಸ್ತಿ, ಬಗ್ಗಿದರೆ ಅಥವಾ ಮಲಗಿದರೆ ಇನ್ನೂ ಜಾಸ್ತಿ, ಬಾಯಿಗೆ ಹುಳಿ ನೀರು ಬರುವುದು: ಇದು ಆಸಿಡ್ ಮೇಲಕ್ಕೆ ಬರುವ ತೊಂದರೆ. ಅನ್ನನಾಳ ಮತ್ತು ಜಠರ ಕೂಡುವ ಕಡೆ ಒಂದು ಬಿಗಿಯಾದ ಸ್ನಾಯು ಇದೆ. ನುಂಗುವಾಗ ಸಡಿಲಾಗಿ ಆಮೇಲೆ ಮುಚ್ಚಿಕೊಳ್ಳಬೇಕು. ಅದು ಹೊತ್ತಲ್ಲದ ಹೊತ್ತಲ್ಲಿ ಸಡಿಲಾದರೆ ಆಸಿಡ್ ಮೇಲೇರುತ್ತದೆ. ಜಠರದ ಒಳಪದರಕ್ಕೆ ಆಸಿಡ್ ತಡೆಯುವ ಲೋಳೆಯ ಹೊದಿಕೆ ಇದೆ, ಅನ್ನನಾಳಕ್ಕೆ ಅಷ್ಟು ಇಲ್ಲ. ಅದಕ್ಕೇ ಉರಿ. ಕೆಲವರಿಗೆ ಉರಿಯೇ ಇರುವುದಿಲ್ಲ, ರಾತ್ರಿ ಒಣ ಕೆಮ್ಮು, ಬೆಳಿಗ್ಗೆ ಗಂಟಲು ಕರಕರ ಇಷ್ಟೇ.

ಹೊಕ್ಕಳಿನ ಮೇಲೆ, ಪಕ್ಕೆಲುಬು ಕೂಡುವ ಜಾಗದ ಕೆಳಗೆ ನೋವು ಅಥವಾ ಉರಿ ಇದ್ದರೆ ಜಠರದ ಒಳಪದರದ ಉರಿಯೂತ ಇರಬಹುದು, ಹುಣ್ಣು, ಅಂದರೆ ಅಲ್ಸರ್ ಕೂಡ ಇರಬಹುದು. ಸಣ್ಣ ಕರುಳಿನ ಶುರುವಿನಲ್ಲಿ ಹುಣ್ಣಾದವರಿಗೆ ಹಸಿದಾಗ, ನಡುರಾತ್ರಿ ನೋವು ಎಬ್ಬಿಸುತ್ತದೆ, ಏನಾದರೂ ತಿಂದರೆ ತಗ್ಗುತ್ತದೆ. ಜಠರದಲ್ಲೇ ಹುಣ್ಣಾದರೆ ಉಂಡ ಮೇಲೆ ನೋವು ಏಳಬಹುದು. ಇದು ಕಟ್ಟುನಿಟ್ಟಿನ ಲೆಕ್ಕವಲ್ಲ, ಅಡ್ಡಾದಿಡ್ಡಿಯೂ ಆಗುತ್ತದೆ.

ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತೆ, ಉಬ್ಬರ, ತೇಗು, ಎಷ್ಟು ಪರೀಕ್ಷೆ ಮಾಡಿಸಿದರೂ ಏನೂ ಸಿಗುವುದಿಲ್ಲ ಅನ್ನುವವರ ಗುಂಪು ದೊಡ್ಡದು. ಇವರ ತೊಂದರೆ ಸುಳ್ಳಲ್ಲ. ಜಠರದ ಚಲನೆ, ನರಗಳ ಸೂಕ್ಷ್ಮತೆಯಲ್ಲಿ ಏರುಪೇರು ಇರುತ್ತದೆ, ಅದು ದುರ್ಬೀನಿನಲ್ಲಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಎಂಡೋಸ್ಕೋಪಿಯಲ್ಲಿ, ಕಾಣುವಂಥದ್ದಲ್ಲ. ಇನ್ನು ಬಲಗಡೆ ಪಕ್ಕೆ ಕೆಳಗೆ, ಹೋಳಿಗೆ-ತುಪ್ಪದ ಊಟ ಆದಮೇಲೆ ಹಿಡಿದುಕೊಳ್ಳುವ ನೋವು ಪಿತ್ತಕೋಶದ ಕಲ್ಲಿನದ್ದಿರಬಹುದು. ಅದಕ್ಕೆ ಸ್ಕ್ಯಾನಿಂಗ್ ಬೇಕು. ಆಸಿಡ್ ಗುಳಿಗೆಯಿಂದ ಕಲ್ಲು ಕರಗುವುದಿಲ್ಲ.

ಮನೆಯಲ್ಲಿರುವ ಗುಳಿಗೆಗಳನ್ನು ಮೊದಲು ನೋಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಮೈಕೈ ನೋವು, ಮಗ್ಗದ ಮುಂದೆ ಕೂತು ಸೊಂಟ ನೋವು, ವಯಸ್ಸಾದವರಿಗೆ ಮೊಣಕಾಲು. ಇವಕ್ಕೆಲ್ಲ ಬಿಡಿಯಾಗಿ ಮಾರಾಟವಾಗುವುದು ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್. ಪ್ಯಾರಾಸಿಟಮಾಲ್ ಜೊತೆ ಸೇರಿಸಿದ ಗುಳಿಗೆಗಳೂ ಇವೆ, ಹೆಸರು ಬೇರೆ ಇರುವುದರಿಂದ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಮೂಲ ಔಷಧಿಯ ಹೆಸರು ಓದಿ, ಓದಲಾಗದಿದ್ದರೆ ಅಂಗಡಿಯವರಿಂದ ಓದಿಸಿ.

ಜಠರದ ಒಳಪದರವನ್ನು ಕಾಯುವ ಲೋಳೆ ತಯಾರಾಗಲು ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಬೇಕು. ನೋವಿಗೂ ಬಾವಿಗೂ ಕಾರಣವಾಗುವುದು ಅದೇ ಕುಟುಂಬದ ರಾಸಾಯನಿಕ. ನೋವಿನ ಗುಳಿಗೆ ಅದರ ತಯಾರಿಯನ್ನೇ ತಡೆಯುತ್ತದೆ. ನೋವು ಹೋಗುತ್ತದೆ, ಜೊತೆಗೆ ಜಠರದ ಕಾವಲೂ ಹೋಗುತ್ತದೆ.

ಇದು ರಕ್ತದ ಮೂಲಕ ನಡೆಯುವ ಕೆಲಸ. ಆದ್ದರಿಂದ ಎರಡು ನಂಬಿಕೆ ಬಿಡಬೇಕಾಗುತ್ತದೆ. "ಉಂಡು ತಗೊಂಡ್ರ ಏನೂ ಆಗೂದಿಲ್ಲ" ಅನ್ನುವುದು ಒಂದು. ಊಟದ ಮೇಲೆ ತಗೊಂಡರೆ ಸಂಕಟ ಕಡಿಮೆಯಾಗಬಹುದು, ಹುಣ್ಣಿನ ಅಪಾಯ ಹೋಗುವುದಿಲ್ಲ. "ಗುಳಿಗಿ ಬ್ಯಾಡ, ಸೂಜಿ ಮಾಡ್ರಿ, ಹೊಟ್ಟಿಗೆ ತ್ರಾಸ ಇಲ್ಲ" ಅನ್ನುವುದು ಇನ್ನೊಂದು. ಡೈಕ್ಲೊಫೆನಾಕ್ ಸೂಜಿಯಲ್ಲಿ ಹೋದರೂ ರಕ್ತಕ್ಕೇ ಸೇರುತ್ತದೆ, ಜಠರಕ್ಕೆ ಅದೇ ಪರಿಣಾಮ. 65 ದಾಟಿದವರಿಗೆ, ಹಿಂದೆ ಅಲ್ಸರ್ ಆಗಿದ್ದವರಿಗೆ, ಜೊತೆಗೆ ಸ್ಟೀರಾಯ್ಡ್ ಅಥವಾ ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಎಷ್ಟೋ ಅಜ್ಜ-ಅಜ್ಜಿಯರಿಗೆ ನೋವೇ ಇಲ್ಲದೆ ನೇರವಾಗಿ ರಕ್ತಸ್ರಾವವೇ ಆಗುತ್ತದೆ, ಯಾಕಂದರೆ ನೋವನ್ನು ಗುಳಿಗೆ ಮುಚ್ಚಿಟ್ಟಿರುತ್ತದೆ.

ಹಾಗಾದರೆ ಏನು ಮಾಡಬೇಕು? ಸಾಧಾರಣ ನೋವಿಗೆ ಬರೀ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಅಂತ ಡಾಕ್ಟರನ್ನು ಕೇಳಿ. ಅದು ಜಠರಕ್ಕೆ ಹಗುರ. ಲಿವರ್ ತೊಂದರೆ, ಕುಡಿತ ಇದ್ದವರು ಪ್ರಮಾಣ ಕೇಳಿಯೇ ತಗೊಳ್ಳಬೇಕು. ಮೊಣಕಾಲಿಗಾದರೆ ಹಚ್ಚುವ ಮುಲಾಮು ನೋಡಬಹುದು. ನೋವಿನ ಗುಳಿಗೆ ಬೇಕೇ ಬೇಕು ಅಂತಾದರೆ ಜೊತೆಗೆ ಜಠರ ಕಾಯುವ ಗುಳಿಗೆಯನ್ನೂ ಡಾಕ್ಟರೇ ಬರೆಯುತ್ತಾರೆ. ಹೃದಯಕ್ಕೆಂದು ಬರೆದ ಆಸ್ಪಿರಿನ್ ಅನ್ನು ಮಾತ್ರ ಹೊಟ್ಟೆ ಉರಿಯುತ್ತದೆ ಅಂತ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಜೀವಕ್ಕೇ ಕುತ್ತು ತರಬಹುದು.

ಇನ್ನೊಂದು ಸಣ್ಣ ವಿಷಯ. ಡಾಕ್ಸಿಸೈಕ್ಲಿನ್, ಎಲುಬು ಗಟ್ಟಿಗೆ ಕೊಡುವ ಅಲೆಂಡ್ರೊನೇಟ್, ಕಬ್ಬಿಣಾಂಶ, ಪೊಟ್ಯಾಸಿಯಂ ಗುಳಿಗೆಗಳು ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಸುಟ್ಟು ಹುಣ್ಣು ಮಾಡುತ್ತವೆ. ಒಂದು ಗುಟುಕು ನೀರಲ್ಲಿ ನುಂಗಿ ಮಲಗುವುದು ಬೇಡ. ಒಂದು ತಂಬಿಗೆ ನೀರು ಹತ್ತಿರ ಇಟ್ಟುಕೊಂಡು, ಕೂತು, ತುಂಬ ನೀರು ಕುಡಿದು ನುಂಗಿ. ಅರ್ಧ ಗಂಟೆ ಅಡ್ಡಾಗಬೇಡಿ.

ಯಾವ ಔಷಧಿ ಏನು ಮಾಡುತ್ತದೆ, ಯಾವಾಗ ತಗೊಳ್ಳಬೇಕು

ಆಂಟಾಸಿಡ್. ಡೈಜೀನ್, ಜೆಲ್ಯುಸಿಲ್ ತರಹದ ಗುಲಾಬಿ, ಬಿಳಿ ಸಿರಪ್ಪುಗಳು. ಹೆಚ್ಚಿನವುಗಳಲ್ಲಿ ಅಲ್ಯುಮಿನಿಯಂ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಆಗಲೇ ಇರುವ ಆಸಿಡನ್ನು ತಣಿಸುತ್ತವೆ, ಹೊಸದು ಬರುವುದನ್ನು ತಡೆಯುವುದಿಲ್ಲ. ಕೆಲವೇ ನಿಮಿಷದಲ್ಲಿ ಹಿತ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೇಗ ಕೆಳಗಿಳಿದು ಹೋಗುತ್ತದೆ, ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಬಾಟಲಿ ಚೆನ್ನಾಗಿ ಅಲುಗಾಡಿಸಿ. ಜಗಿಯುವ ಗುಳಿಗೆಯನ್ನು ಇಡಿಯಾಗಿ ನುಂಗಬೇಡಿ. ಅಲ್ಯುಮಿನಿಯಂ ಮಲಬದ್ಧತೆ ಮಾಡುತ್ತದೆ, ಮೆಗ್ನೀಸಿಯಂ ಭೇದಿ ಮಾಡುತ್ತದೆ. ಅದಕ್ಕೇ ಎರಡನ್ನೂ ಕೂಡಿಸಿರುತ್ತಾರೆ. ಕಿಡ್ನಿ ತೊಂದರೆ ಇದ್ದವರು ಕೇಳದೆ ಕುಡಿಯಬಾರದು.

ಇನೋ ಮತ್ತು ಮನೆಯ ತಿನ್ನುವ ಸೋಡಾದಲ್ಲಿ ಸೋಡಿಯಂ ಬಹಳ. ಬಿಪಿ ಇದ್ದವರು, ಹೃದಯ ಅಥವಾ ಕಿಡ್ನಿ ತೊಂದರೆಯವರು ದಿನಾ ಕುಡಿಯುವುದು ಉಪ್ಪು ತಿಂದ ಲೆಕ್ಕವೇ. ಅಪರೂಪಕ್ಕೆ ಒಂದು ಸಲ, ಆರೋಗ್ಯವಂತರಿಗೆ, ಅಷ್ಟೇ ಸರಿ.

ರಾನಿಟಿಡಿನ್, ಫಾಮೊಟಿಡಿನ್. ಆಸಿಡ್ ಉತ್ಪತ್ತಿಯನ್ನು ಸ್ವಲ್ಪ ಮಟ್ಟಿಗೆ ತಡೆಯುವ ಗುಳಿಗೆಗಳು. ಸುಮಾರು ಒಂದು ಗಂಟೆಯಲ್ಲಿ ಕೆಲಸ ಶುರು, ರಾತ್ರಿ ಪೂರ್ತಿ ಇರುತ್ತದೆ. ದಿನಾ ತಗೊಂಡರೆ ಕೆಲವೇ ವಾರದಲ್ಲಿ ಪರಿಣಾಮ ಇಳಿಯುತ್ತದೆ. ಬೇಕಾದಾಗ ಮಾತ್ರ ತಗೊಳ್ಳುವವರಿಗೆ ಒಳ್ಳೆಯದು. ರಾನಿಟಿಡಿನ್ ಒಂದು ಕಾಲಕ್ಕೆ ನಮ್ಮ ಕಡೆ ಮನೆಮನೆಯಲ್ಲೂ ಇತ್ತು. 2019ರಲ್ಲಿ ಅದರಲ್ಲಿ ಎನ್‌ಡಿಎಂಎ ಅನ್ನುವ, ಕ್ಯಾನ್ಸರ್ ತರಬಹುದಾದ ಕಲ್ಮಶ ಕಂಡುಬಂತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದ 2022ರಲ್ಲಿ ಅದನ್ನು ಕೈಬಿಡಲಾಯಿತು. ಫಾಮೊಟಿಡಿನ್‌ನಲ್ಲಿ ಈ ತಕರಾರಿಲ್ಲ. ಹಳೇ ಚೀಟಿ ಹಿಡಿದು ರಾನಿಟಿಡಿನ್ ತಗೊಳ್ಳುತ್ತಿರುವವರು ಡಾಕ್ಟರ ಹತ್ತಿರ ಒಂದು ಮಾತು ಕೇಳಿ ಬದಲಿಸಿಕೊಳ್ಳಿ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್. ಹೆಸರಿನ ಕೊನೆಗೆ 'ಪ್ರಜೋಲ್' ಇದ್ದರೆ ಹೆಚ್ಚಾಗಿ ಈ ಗುಂಪು. ಪ್ಯಾನ್, ಓಮೆಜ್, ರೇಜೋ ಎಲ್ಲ ಇದರವೇ. ಇವು ಚೀಟಿ ಬೇಕಾದ ಔಷಧಿಗಳು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ, ಅಷ್ಟು ಸಲೀಸಾಗಿ ಕೈಗೆ ಸಿಗುತ್ತವೆ.

ಜಠರದ ಗೋಡೆಯಲ್ಲಿ ಆಸಿಡ್ ಹೊರಹಾಕುವ ಸಣ್ಣ ಪಂಪುಗಳಿವೆ. ಊಟ ಒಳಗೆ ಬಂದಾಗ ಅವು ಚಾಲೂ ಆಗುತ್ತವೆ. ಈ ಔಷಧಿ ಚಾಲೂ ಇರುವ ಪಂಪನ್ನು ಮಾತ್ರ ಬಂದ್ ಮಾಡುತ್ತದೆ. ಹಾಗಾಗಿ ಊಟ ಶುರುವಾಗುವ ಹೊತ್ತಿಗೆ ಔಷಧಿ ರಕ್ತದಲ್ಲಿ ತಯಾರಿರಬೇಕು. ಅಂದರೆ ತಿನ್ನುವ 30ರಿಂದ 60 ನಿಮಿಷ ಮುಂಚೆ ತಗೊಳ್ಳಬೇಕು. ಊಟ ಆದ ಮೇಲೆ, ಎದೆ ಉರಿ ಎದ್ದ ಮೇಲೆ, ರಾತ್ರಿ ಮಲಗುವಾಗ ನುಂಗಿದರೆ ಅರ್ಧಕ್ಕರ್ಧ ವ್ಯರ್ಥ. ಮೊದಲ ದಿನವೇ ಪೂರ್ತಿ ಗುಣ ಕಾಣುವುದಿಲ್ಲ, ಮೂರ್ನಾಲ್ಕು ದಿನ ಬೇಕು. ಆ ಮೂರ್ನಾಲ್ಕು ದಿನ ಆಂಟಾಸಿಡ್ ಆಸರೆಗೆ ಇಟ್ಟುಕೊಳ್ಳಬಹುದು. ಗುಳಿಗೆಯನ್ನು ಜಗಿಯಬೇಡಿ, ಪುಡಿ ಮಾಡಬೇಡಿ. ಆಸಿಡ್‌ನಲ್ಲಿ ಈ ಔಷಧಿಯೇ ಹಾಳಾಗುತ್ತದೆ, ಅದಕ್ಕೇ ಹೊರಗೆ ಲೇಪ ಕೊಟ್ಟಿರುತ್ತಾರೆ.

ನಮ್ಮ ಕಡೆಯ ದಿನಚರಿಗೆ ಇದನ್ನು ಹೊಂದಿಸುವುದು ಹೇಗೆ? ಎದ್ದ ಕೂಡಲೇ ಚಹಾ, ಹೊಲಕ್ಕೆ ಹೋಗಿ ಹತ್ತು-ಹನ್ನೊಂದಕ್ಕೆ ರೊಟ್ಟಿ, ಹೀಗಿದ್ದರೆ ರೊಟ್ಟಿ ಬುತ್ತಿ ಬಿಚ್ಚುವ ಅರ್ಧ-ಮುಕ್ಕಾಲು ಗಂಟೆ ಮುಂಚೆ ತಗೊಳ್ಳಿ. ಗುಳಿಗೆ ತಗೊಂಡು ನಾಲ್ಕು ತಾಸು ಏನೂ ತಿನ್ನದಿದ್ದರೆ ಪ್ರಯೋಜನ ಕಡಿಮೆ. ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಏಳುವವರಿಗೆ ಬೆಳಿಗ್ಗೆ-ಸಂಜೆ ಲೆಕ್ಕ ಇಲ್ಲ, ಎದ್ದ ಮೇಲಿನ ಮೊದಲ ಊಟವೇ ಲೆಕ್ಕ. ರೋಜಾ ಇರುವವರು ಸಹರಿಯ ಅರ್ಧ ಗಂಟೆ ಮುಂಚೆ ತಗೊಳ್ಳಬಹುದು. ರಾತ್ರಿಯೇ ಉರಿ ಜಾಸ್ತಿ ಅನ್ನುವವರಿಗೆ ಸಂಜೆ ಊಟದ ಮುಂಚೆ ತಗೊಳ್ಳಲು ಡಾಕ್ಟರ್ ಹೇಳುತ್ತಾರೆ.

ಹೃದಯಕ್ಕೆ ಕ್ಲೊಪಿಡೊಗ್ರೆಲ್ ತಗೊಳ್ಳುವವರು ಒಮೆಪ್ರಜೋಲ್, ಎಸೊಮೆಪ್ರಜೋಲ್ ತಪ್ಪಿಸಬೇಕು. ಅವು ಕ್ಲೊಪಿಡೊಗ್ರೆಲ್ ಪರಿಣಾಮವನ್ನು ಕುಗ್ಗಿಸುತ್ತವೆ. ಇಂಥವರಿಗೆ ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ. ಹಾಗಾಗಿ "ಎಲ್ಲಾ ಒಂದೇ, ಯಾವುದಾರ ಕೊಡ್ರಿ" ಅನ್ನಬೇಡಿ.

ಹೆಸರಿನ ಕೊನೆಗೆ 'ಡಿ' ಇದ್ದರೆ? ಹೆಚ್ಚಾಗಿ ಅದು ಡಾಂಪೆರಿಡೋನ್. ವಾಂತಿ, ವಾಕರಿಕೆ ತಡೆದು ಜಠರವನ್ನು ಬೇಗ ಖಾಲಿ ಮಾಡಿಸುವ ಔಷಧಿ. ಕೆಲ ದಿನಕ್ಕೆ ಸರಿ. ಆದರೆ ಕೆಲವರಲ್ಲಿ ಇದು ಹೃದಯ ಬಡಿತದ ಲಯ ಕೆಡಿಸಬಹುದು. 60 ದಾಟಿದವರಿಗೆ, ಹೃದಯ ತೊಂದರೆ ಇದ್ದವರಿಗೆ, ದಿನಕ್ಕೆ 30 ಮಿಲಿಗ್ರಾಂ ಮೀರಿದರೆ, ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯೋಟಿಕ್ ಅಥವಾ ಕೆಲವು ಫಂಗಸ್ ಔಷಧಿ ಜೊತೆ ತಗೊಂಡರೆ ಅಪಾಯ ಹೆಚ್ಚು. ಬರೀ ಎದೆ ಉರಿಗೆ ತಿಂಗಳುಗಟ್ಟಲೆ 'ಡಿ' ಇರುವ ಕ್ಯಾಪ್ಸೂಲ್ ನುಂಗುವುದಕ್ಕೆ ನನಗಂತೂ ಅರ್ಥ ಕಾಣುವುದಿಲ್ಲ. ಮುಂದಿನ ಸಲ ಡಾಕ್ಟರನ್ನು "ಡಿ ಇಲ್ಲದ್ದು ಸಾಕಾಗತೈತೇನ್ರಿ?" ಅಂತ ಕೇಳಿ ನೋಡಿ.

ಸುಕ್ರಾಲ್ಫೇಟ್ ಹುಣ್ಣಿನ ಮೇಲೆ ಪದರವಾಗಿ ಕೂರುತ್ತದೆ. ಅದನ್ನು ಖಾಲಿ ಹೊಟ್ಟೆಯಲ್ಲಿ ತಗೊಳ್ಳಬೇಕು, ಬೇರೆ ಗುಳಿಗೆಗಳಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಆಂಟಾಸಿಡ್‌ಗೂ ಇದೇ ನಿಯಮ. ಕಬ್ಬಿಣಾಂಶ, ಡಾಕ್ಸಿಸೈಕ್ಲಿನ್‌ನಂಥವು ಆಂಟಾಸಿಡ್ ಜೊತೆ ಹೋದರೆ ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಗುಳಿಗೆಗೆ ಮಾತ್ರ ನಾಲ್ಕು ಗಂಟೆ ಬಿಡಿ.

ಗರ್ಭಿಣಿಯರಿಗೆ ಎದೆ ಉರಿ ಬಹಳ ಸಾಮಾನ್ಯ. ಆದರೂ ಸೋಡಾ ಬೇಡ, ಅತ್ತೆಗೆ ಬರೆದುಕೊಟ್ಟ ಗುಳಿಗೆ ಬೇಡ. ಹೆರಿಗೆ ಡಾಕ್ಟರನ್ನೇ ಕೇಳಿ.

ಹೆಲಿಕೊಬ್ಯಾಕ್ಟರ್: ಖಾರ ಮಾಡಿದ್ದಲ್ಲ, ಕ್ರಿಮಿ ಮಾಡಿದ್ದು

ಅಲ್ಸರ್ ಆದರೆ ಎಲ್ಲರೂ ಬೈಯುವುದು ಕೆಂಪು ಖಾರವನ್ನು, ಇಲ್ಲವೇ ಚಿಂತೆಯನ್ನು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಜಠರದಲ್ಲಿ ಬದುಕುವ ಸುರುಳಿ ಆಕಾರದ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಅಷ್ಟು ಆಸಿಡ್‌ನಲ್ಲಿ ಕ್ರಿಮಿ ಬದುಕುವುದುಂಟಾ ಅಂತ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಲ್ಸರ್‌ಗೆ ಎರಡು ಮುಖ್ಯ ಕಾರಣ ಅಂದರೆ ಈ ಹೆಲಿಕೊಬ್ಯಾಕ್ಟರ್ ಪೈಲೊರಿ ಮತ್ತು ನೋವಿನ ಗುಳಿಗೆಗಳು. ಖಾರ ಆಗಲೇ ಇರುವ ಉರಿಯನ್ನು ಕೆರಳಿಸುತ್ತದೆ, ಹುಣ್ಣು ಹುಟ್ಟಿಸುವುದಿಲ್ಲ.

ಭಾರತದಲ್ಲಿ ಈ ಬ್ಯಾಕ್ಟೀರಿಯಾ ಬಹಳ ಜನರಲ್ಲಿದೆ, ಹೆಚ್ಚಿನವರಿಗೆ ಏನೂ ತೊಂದರೆ ಮಾಡುವುದಿಲ್ಲ. ಅಲ್ಸರ್ ಇದ್ದರೆ ಮಾತ್ರ ಬಿಡುವ ಹಾಗಿಲ್ಲ. ಉಸಿರಿನ ಪರೀಕ್ಷೆ, ಮಲ ಪರೀಕ್ಷೆ, ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನ ಪರೀಕ್ಷೆ, ಹೀಗೆ ಪತ್ತೆ ಮಾಡುತ್ತಾರೆ. ಪರೀಕ್ಷೆಗೆ ಎರಡು ವಾರ ಮುಂಚೆ 'ಪ್ರಜೋಲ್' ಗುಳಿಗೆ, ನಾಲ್ಕು ವಾರ ಮುಂಚೆ ಆಂಟಿಬಯೋಟಿಕ್ ನಿಲ್ಲಿಸಿರಬೇಕು. ಇಲ್ಲದಿದ್ದರೆ ಕ್ರಿಮಿ ಇದ್ದರೂ ಇಲ್ಲ ಅಂತ ಬರಬಹುದು. ಪರೀಕ್ಷೆ ಬರೆದಾಗ ಇದನ್ನು ನೀವೇ ನೆನಪಿಸಿ.

ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ಆಸಿಡ್ ಗುಳಿಗೆ ಜೊತೆ ಎರಡು ಆಂಟಿಬಯೋಟಿಕ್, ಕೆಲವೊಮ್ಮೆ ಬಿಸ್ಮತ್ ಕೂಡ. ಬಾಯಿ ಕಹಿ, ಲೋಹದ ರುಚಿ, ಭೇದಿ ಬರಬಹುದು. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ. ಐದಾರು ದಿನಕ್ಕೆ ನೋವು ಹೋಯಿತು ಅಂತ ನಿಲ್ಲಿಸುವವರು ಬಹಳ. ಆಗ ಉಳಿದ ಕ್ರಿಮಿ ಔಷಧಿಗೆ ಬಗ್ಗದಂತಾಗುತ್ತದೆ, ಮುಂದಿನ ಸಲದ ಚಿಕಿತ್ಸೆ ಕಷ್ಟ. ಆ ಆಂಟಿಬಯೋಟಿಕ್‌ಗಳಲ್ಲಿ ಮೆಟ್ರೊನಿಡಜೋಲ್ ಇದ್ದರೆ ಕುಡಿತ ಪೂರ್ತಿ ಬಂದ್. ಕೊಲೆಸ್ಟ್ರಾಲ್ ಗುಳಿಗೆ ತಗೊಳ್ಳುವವರು ಕ್ಲಾರಿಥ್ರೊಮೈಸಿನ್ ಶುರು ಮಾಡುವ ಮುಂಚೆ ಡಾಕ್ಟರಿಗೆ ಹೇಳಿ. ಕೋರ್ಸ್ ಮುಗಿದು ನಾಲ್ಕು ವಾರದ ಮೇಲೆ ಕ್ರಿಮಿ ಹೋಗಿದೆಯೇ ಅಂತ ಮತ್ತೆ ಪರೀಕ್ಷೆ ಮಾಡಿಸಬೇಕು. ಆ ಮರುಪರೀಕ್ಷೆಗೆ ಯಾರೂ ಹೋಗುವುದಿಲ್ಲ ಅನ್ನುವುದೇ ಬೇಜಾರು.

ಊಟ, ನಿದ್ದೆ

ಜೋಳದ ರೊಟ್ಟಿ, ಕಟ್ಟಿನ ಸಾರು, ನುಚ್ಚು, ಮಜ್ಜಿಗೆ ಇವನ್ನು ಬಿಡಿ ಅಂತ ಹೇಳಲು ನನ್ನ ಹತ್ತಿರ ಕಾರಣ ಇಲ್ಲ. ಕರಿದದ್ದು, ಎಣ್ಣೆ-ತುಪ್ಪ ಜಾಸ್ತಿ ಇದ್ದದ್ದು ಜಠರದಲ್ಲಿ ಹೆಚ್ಚು ಹೊತ್ತು ಕೂರುತ್ತದೆ, ಆಸಿಡ್ ಮೇಲೇರಲು ದಾರಿ ಮಾಡುತ್ತದೆ. ಮಿರ್ಚಿ ಭಜಿ, ಮದುವೆ ಊಟ, ಕರದಂಟು ಈ ಸಾಲಿಗೆ ಸೇರುತ್ತವೆ. ಎಲ್ಲರಿಗೂ ಎಲ್ಲವೂ ತೊಂದರೆ ಕೊಡುವುದಿಲ್ಲ. ಒಬ್ಬರಿಗೆ ಕೆಂಪು ಮೆಣಸಿನಕಾಯಿಯ ರಂಜಕ ಆಗುವುದಿಲ್ಲ, ಇನ್ನೊಬ್ಬರಿಗೆ ಬರೀ ಚಹಾ. ನಿಮಗೆ ಯಾವುದು ಅಂತ ಎರಡು ವಾರ ಬರೆದಿಟ್ಟು ನೋಡಿ, ಅದನ್ನಷ್ಟೇ ಕಡಿಮೆ ಮಾಡಿ. ಎಲ್ಲ ಬಿಟ್ಟು ಸಪ್ಪೆ ಉಣ್ಣುವ ಶಿಕ್ಷೆ ಬೇಕಿಲ್ಲ. ಹಾಲು ಕುಡಿದಾಗ ಹಿತ ಅನ್ನಿಸಿದರೂ ಆಮೇಲೆ ಆಸಿಡ್ ಹೆಚ್ಚಿಸುತ್ತದೆ, ಅದನ್ನೇ ಔಷಧಿ ಮಾಡಿಕೊಳ್ಳಬೇಡಿ.

ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ. ಇದೊಂದನ್ನು ಪಾಲಿಸಿ ಗುಳಿಗೆ ಬಿಟ್ಟವರಿದ್ದಾರೆ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಂಗಿ ಕೊಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ನೆಲದ ಮೇಲೆ ಮಲಗುವವರು ಗಾದಿ ಕೆಳಗೆ ಮಡಚಿದ ಕೌದಿಗಳನ್ನು ಸೊಂಟದಿಂದ ತಲೆವರೆಗೆ ಇಳಿಜಾರಾಗುವಂತೆ ಹಾಕಿಕೊಳ್ಳಬಹುದು. ಬರೀ ದಿಂಬು ಎರಡು ಇಟ್ಟರೆ ಕುತ್ತಿಗೆ ಬಾಗಿ ಹೊಟ್ಟೆ ಮೇಲೆ ಒತ್ತಡ ಬೀಳುತ್ತದೆ, ಉಪಯೋಗವಿಲ್ಲ. ಎಡ ಮಗ್ಗುಲಾಗಿ ಮಲಗಿ. ಹೊಟ್ಟೆ ಬಂದಿದ್ದರೆ ತೂಕ ಇಳಿಸಿ. ಉಡದಾರ, ಬೆಲ್ಟು, ಲಂಗದ ಲಾಡಿ ಬಿಗಿ ಬೇಡ.

ನಿಲ್ಲಿಸುವುದು ಹೇಗೆ

'ಪ್ರಜೋಲ್' ಗುಳಿಗೆಗೆ ಸಾಮಾನ್ಯ ಅವಧಿ 4ರಿಂದ 8 ವಾರ. ಅದು ಮುಗಿದ ಮೇಲೆ ತಟ್ಟನೆ ಬಿಟ್ಟರೆ ಕೆಲವರಿಗೆ ಆಸಿಡ್ ಮೊದಲಿಗಿಂತ ಜೋರಾಗಿ ಬರುತ್ತದೆ. ತಡೆದಿಟ್ಟಷ್ಟು ದಿನ ದೇಹ ಆಸಿಡ್ ಮಾಡಲು ಇನ್ನಷ್ಟು ತಯಾರಿ ನಡೆಸಿರುತ್ತದೆ. "ಗುಳಿಗಿ ಬಿಟ್ರ ತಡಕೊಳ್ಳಾಕ ಆಗವಲ್ದು" ಅಂತ ಮತ್ತೆ ಶುರು ಮಾಡುತ್ತಾರೆ, ಹಾಗೇ ವರ್ಷಗಳು ಉರುಳುತ್ತವೆ. ಈ ಉರಿ ಹೆಚ್ಚಾಗಿ ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಡಾಕ್ಟರ್ ಹೇಳಿದಂತೆ ಮೊದಲು ಡೋಸ್ ಅರ್ಧ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಬಂದ್. ನಡುವೆ ಉರಿ ಎದ್ದರೆ ಆಂಟಾಸಿಡ್ ಇದೆಯಲ್ಲ.

ಕೆಲವರು ನಿಲ್ಲಿಸಬಾರದು. ರಕ್ತಸ್ರಾವ ಆದ ಅಲ್ಸರ್ ಇದ್ದವರು, ಆಸ್ಪಿರಿನ್ ತಗೊಳ್ಳುವ ವಯಸ್ಸಾದವರು, ಅನ್ನನಾಳ ಜೋರಾಗಿ ಸುಟ್ಟಿರುವವರು. ಇವರಿಗೆ ಲಾಭವೇ ಹೆಚ್ಚು. ವರ್ಷಗಟ್ಟಲೆ ತಗೊಳ್ಳುವವರು ಬಿ12 ಪರೀಕ್ಷೆ ಮಾಡಿಸಿ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಆಸಿಡ್ ಬೇಕು. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಹಾಲು-ಮೊಸರು ಬಿಟ್ಟರೆ ಬಿ12 ಸಿಗುವುದೇ ಕಷ್ಟ. ಅದರ ಮೇಲೆ ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಕೂಡ ಇದ್ದರೆ ಅದೂ ಬಿ12 ಇಳಿಸುತ್ತದೆ. ಕಾಲು ಜೋಮು, ಮರೆವು, ಸುಸ್ತು ಇದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ನೆ ಕೂರಬೇಡಿ. ದೀರ್ಘಕಾಲ ತಗೊಂಡರೆ ಮೆಗ್ನೀಸಿಯಂ ಕೂಡ ಇಳಿಯಬಹುದು.

ಎಂಡೋಸ್ಕೋಪಿ ಬರೆದುಕೊಟ್ಟರೆ

ಇದರ ಹೆಸರು ಕೇಳಿಯೇ ಊರು ಬಿಡುವವರಿದ್ದಾರೆ. ಆಪರೇಷನ್ ಅಲ್ಲ ಇದು. ಬಾಗುವ ತೆಳು ಕೊಳವೆಯ ತುದಿಯಲ್ಲಿ ಕ್ಯಾಮೆರಾ ಇರುತ್ತದೆ, ಬಾಯಿಂದ ಒಳಗೆ ಬಿಟ್ಟು ಅನ್ನನಾಳ, ಜಠರ, ಸಣ್ಣ ಕರುಳಿನ ಶುರು ನೋಡುತ್ತಾರೆ. ಸಾಮಾನ್ಯವಾಗಿ 5ರಿಂದ 10 ನಿಮಿಷದ ಕೆಲಸ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಮೊದಲು ಅಲ್ಲಿಗೆ ಫೋನ್ ಮಾಡಿ ಯಾವ ದಿನ ಮಾಡುತ್ತಾರೆ, ಖರ್ಚು ಎಷ್ಟು ಅಂತ ಕೇಳಿಕೊಂಡು ಹೊರಡಿ.

ಹೋಗುವ ಮುಂಚೆ 6ರಿಂದ 8 ಗಂಟೆ ಏನೂ ತಿನ್ನಬಾರದು, ಚಹಾ ಕೂಡ ಇಲ್ಲ, ಎಲೆ-ಅಡಿಕೆ, ತಂಬಾಕು ಇಲ್ಲವೇ ಇಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ಮತ್ತು ಇನ್ಸುಲಿನ್, ರಕ್ತ ತೆಳು ಮಾಡುವ ಔಷಧಿ ಆ ದಿನ ತಗೊಳ್ಳಬೇಕಾ ಬೇಡವಾ ಅಂತ ಮುಂಚೆಯೇ ಕೇಳಿ. ಮನೆಯಲ್ಲಿರುವ ಎಲ್ಲ ಗುಳಿಗೆಯ ಸ್ಟ್ರಿಪ್ಪುಗಳನ್ನು, ಆಯುರ್ವೇದದ ಪುಡಿ ಇದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸಡಿಲ ಹಲ್ಲು, ಹಲ್ಲಿನ ಸೆಟ್ಟು ಇದ್ದರೆ ಹೇಳಿ. ಗಂಟಲಿಗೆ ಜೋಮು ಬರುವ ಸ್ಪ್ರೇ ಹೊಡೆಯುತ್ತಾರೆ. ಕೊಳವೆ ಇಳಿಯುವಾಗ ಓಕರಿಕೆ ಬರುತ್ತದೆ, ಮೂಗಿನಿಂದ ನಿಧಾನ ಉಸಿರಾಡಿದರೆ ತಡೆಯಬಹುದು. ಜೋಮು ಇಳಿಯುವವರೆಗೆ, ಅಂದರೆ ಒಂದು ಗಂಟೆ ಹತ್ತಿರ, ನೀರು ಕುಡಿಯಬೇಡಿ, ನೆತ್ತಿಗೇರುತ್ತದೆ. ನಿದ್ದೆ ಸೂಜಿ ಕೊಟ್ಟಿದ್ದರೆ ಆ ದಿನ ಗಾಡಿ ಓಡಿಸುವ ಹಾಗಿಲ್ಲ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರೆ ಅದರ ವರದಿ ಬರಲು ಕೆಲವು ದಿನ ಬೇಕು. ಯಾವಾಗ ಬರಬೇಕು ಅಂತ ರಸೀದಿ ಮೇಲೆಯೇ ಬರೆಸಿಕೊಳ್ಳಿ, ವರದಿ ಕೈಗೆ ಬಂದ ಮೇಲೆ ಅದನ್ನು ಬರೆದುಕೊಟ್ಟ ಡಾಕ್ಟರಿಗೇ ತೋರಿಸಿ.